‘ಯಾಕೆ’ ಅನ್ನುವ ಮಾತಿನೊಳಗೆ ಎರಡು ಪ್ರಶ್ನೆ

(ಕಲಬುರಗಿಯಲ್ಲಿ ಪದವಿ ಕಾಲೇಜಿನ ಮಕ್ಕಳು ಮತ್ತು ಅವರ ತಂದೆ ತಾಯಿಯರ ಮುಂದೆ ಆಡಿದ ಮಾತು. ಬರೆಯುವಾಗ ಕೆಲವು ಕಡೆ ಸೇರಿಸಿದ್ದೇನೆ, ಕೆಲವು ಬಿಟ್ಟಿದ್ದೇನೆ.)

ನಿಮಗೆಲ್ಲ ಒಂದು ದಿನ ನೆನಪಿಸಿ ಮಾತು ಶುರು ಮಾಡುತ್ತೇನೆ. 2019ರ ಡಿಸೆಂಬರ್ 26. ಗುರುವಾರ, ಎಳ್ಳಮಾಸಿ.

ಎಳ್ಳಮಾಸಿ ದಿನ ನಮ್ಮ ಭಾಗದ ಹಳ್ಳಿಗಳಲ್ಲಿ ಮನೆಯಲ್ಲಿ ಯಾರೂ ಉಳಿಯುವುದಿಲ್ಲ. ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಚರಗ ಚೆಲ್ಲುತ್ತೇವೆ. ಆ ವರ್ಷ ಮಾತ್ರ ಜನ ಮನೆಯಲ್ಲೇ ಕೂತರು. ಅದೇ ಬೆಳಿಗ್ಗೆ ಸೂರ್ಯಗ್ರಹಣ ಇತ್ತು. ಕೊಡಗು, ಕಾಸರಗೋಡಿನ ಕಡೆ ಸೂರ್ಯ ಬಳೆಯ ಹಾಗೆ ಕಂಡ. ನಮ್ಮಲ್ಲಿ ಕಚ್ಚಿದ ರೊಟ್ಟಿಯ ಹಾಗೆ ಕಂಡ. ಎಂಟರ ಸುಮಾರಿಗೆ ಹಿಡಿದು ಹನ್ನೊಂದರ ಸುಮಾರಿಗೆ ಬಿಟ್ಟಿತು.

ಆ ಹೊತ್ತಿನಲ್ಲಿ ಇದೇ ಊರಿನ ಪಕ್ಕದ ತಾಜ್ ಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹುಗಿದು ನಿಲ್ಲಿಸಿದ್ದರು. ಗ್ರಹಣ ಬಿಡುವಷ್ಟರಲ್ಲಿ ಕೈಕಾಲಿಗೆ ಶಕ್ತಿ ಬರುತ್ತದೆ ಎಂಬ ನಂಬಿಕೆ. ದೇಶದ ಪೇಪರುಗಳಲ್ಲೆಲ್ಲ ಫೋಟೋ ಬಂತು. ಮಣ್ಣಿನ ಮೇಲೆ ಬರೀ ಮುಖ. ಪಕ್ಕದಲ್ಲಿ ಕೂತ ದೊಡ್ಡವರು. ನೀವೂ ನೋಡಿರುತ್ತೀರಿ.

ಅವತ್ತು ಏಳೂವರೆಗೆ ನನಗೆ ತಂಗಿಯ ಫೋನ್ ಬಂದಿತ್ತು. ಅವಳು ಇರುವುದು ಬೇರೆ ಹಳ್ಳಿ, ಇಲ್ಲಿಂದ ಮೂವತ್ತು ಕಿಲೋಮೀಟರ್. ಅವಳ ಮಗನಿಗೆ ಆಗ ಒಂಬತ್ತು ವರ್ಷ. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಕಾಲು ಬಿಗಿ, ಕೈ ಅವನು ಹೇಳಿದ ಕಡೆ ಹೋಗುವುದಿಲ್ಲ, ಮಾತು ನಿಧಾನ. ಬುದ್ಧಿ ಮಾತ್ರ ಬಹಳ ಚುರುಕು.

‘ಅಣ್ಣಾ, ಬಾಜು ಮನಿಯವರು ಹೇಳ್ಲಕತ್ತಾರ. ಗ್ರಹಣ ಬಿಡೋ ತನಕ ಹುಗದು ನಿಂದರಸಿದ್ರ ಕಾಲು ಬರ್ತಾವಂತ. ಕುಣಿನೂ ತೋಡ್ಯಾರ. ಏನ್ ಮಾಡ್ಲಿ?’

ನಾನು ಮೂವತ್ತು ವರ್ಷ ಫಿಜಿಕ್ಸ್ ಹೇಳಿಕೊಟ್ಟವನು. ನನಗೆ ಸಿಟ್ಟು ಬಂತು. ‘ನಿನ್ನ ತಲಿ ಕೆಟ್ಟದೇನು? ಸೂರ್ಯ, ಚಂದ್ರ, ಭೂಮಿ ಒಂದೇ ಗೆರಿಗೆ ಬರ್ತಾವ, ಅಷ್ಟೇ. ಅದಕ್ಕೂ ಹುಡುಗನ ಕಾಲಿಗೂ ಏನ್ ಸಂಬಂಧ?’ ಎಂದು ಬೈದು ಫೋನ್ ಇಟ್ಟೆ. ಅವಳು ಮಗನನ್ನು ಹುಗಿಯಲಿಲ್ಲ. ನಾನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಮುಂದೆ ಸಂಕ್ರಾಂತಿಗೆ ಅವಳ ಮನೆಗೆ ಹೋದೆ. ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನನ್ನ ಮುಖ ನೋಡದೆ ಹೇಳಿದಳು: ‘ಹುಗಿಯೂದು ಸುಳ್ಳು ಅಂತ ನನಗೂ ಅನಸಿತ್ತು ಅಣ್ಣಾ. ನೀ ಬ್ಯಾಡ ಅಂದಿ. ಏನ್ ಮಾಡ್ಬೇಕು ಅಂತ ಹೇಳಲಿಲ್ಲ.’

ಇವತ್ತಿನ ನನ್ನ ಮಾತೆಲ್ಲ ಆ ಒಂದು ಮಾತಿನಿಂದ ಹುಟ್ಟಿದ್ದು. ವಿಜ್ಞಾನಕ್ಕೂ ನಮ್ಮ ಬದುಕಿನ ಮೌಲ್ಯಗಳಿಗೂ ಏನು ಸಂಬಂಧ ಎಂದು ಕೇಳಿದರೆ ನನಗೆ ಮೊದಲು ಕಾಣುವುದು ಆ ಒಲೆ, ಆ ರೊಟ್ಟಿ, ನನ್ನ ಕಡೆ ತಿರುಗದ ಆ ಮುಖ.

ಅವತ್ತು ಅವಳು ಇನ್ನೊಂದು ವಿಷಯವನ್ನೂ ಹೇಳಿದಳು. ಅದನ್ನು ಹತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ಸರಿಯಾಗಿ ಹತ್ತು ವರ್ಷದ ಹಿಂದೆ, 2010ರ ಜನವರಿ 15ಕ್ಕೆ, ಒಂದು ಸೂರ್ಯಗ್ರಹಣ ಆಗಿತ್ತು. ಕನ್ಯಾಕುಮಾರಿ, ಧನುಷ್ಕೋಡಿಯ ಕಡೆ ಬಳೆ ಸೂರ್ಯ ಕಂಡಿದ್ದ. ನಮ್ಮಲ್ಲಿ ಮಧ್ಯಾಹ್ನ ಬಿಸಿಲು ಮಂಕಾಗಿತ್ತು. ತಂಗಿಗೆ ಆಗ ಮೂರು ತಿಂಗಳು. ಅದೇ ಹೊತ್ತಿಗೆ ನಳದಲ್ಲಿ ನೀರು ಬಂತು. ನೀರು ವಾರಕ್ಕೆ ಎರಡು ಸಲ ಬರುವ ಊರು, ಬಿಡುವುದು ಹೇಗೆ? ಕೊಡ ತಗೊಂಡು ಹೊರಗೆ ಹೋದಳು. ಅತ್ತೆ ಬೇಡ ಎಂದಿದ್ದರು. ಜುಲೈನಲ್ಲಿ ಮಗು ಹುಟ್ಟಿತು. ಮಗುವಿಗೆ ಒಂದು ವರ್ಷ ತುಂಬಿದರೂ ಕೂರಲಿಲ್ಲ. ಆಗ ಅತ್ತೆ ಒಂದೇ ಸಲ ಅಂದರಂತೆ: ‘ಗ್ರಹಣದಾಗ ಹೊರಗ ಹೋಗಿದ್ದಿ.’ ಮತ್ತೆ ಅವರು ಆ ಮಾತು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಆ ಮಾತನ್ನು ತಂಗಿ ತಾನೇ ದಿನಾ ಹೇಳಿಕೊಳ್ಳುತ್ತಿದ್ದಳು.

ಈಗ ಆ ಕುಣಿಯ ಅರ್ಥ ನನಗೆ ತಿಳಿಯಿತು. ಗ್ರಹಣ ಕೊಟ್ಟದ್ದನ್ನು ಗ್ರಹಣವೇ ತೆಗೆಯಬೇಕು ಎಂಬ ಲೆಕ್ಕ ಅದು. ನಾನು ಫೋನಿನಲ್ಲಿ ಖಗೋಳ ಹೇಳಿದೆ. ಅವಳು ಕೇಳಿದ್ದು ತನ್ನ ತಪ್ಪಿನ ಬಗ್ಗೆ.

ನಮ್ಮ ಭಾಷೆಯ ‘ಯಾಕೆ’ ಅನ್ನುವ ಶಬ್ದ ನೋಡಿ. ‘ಯಾಕೆ ಹೀಗಾಯಿತು?’ ಎಂದು ಕೇಳಿದಾಗ ಅದರೊಳಗೆ ಎರಡು ಪ್ರಶ್ನೆ ಇರುತ್ತವೆ. ಒಂದು, ಇದು ಹೇಗೆ ಆಯಿತು? ಇನ್ನೊಂದು, ಇದು ಯಾರ ತಪ್ಪು, ನನಗೇ ಯಾಕೆ ಬಂತು? ವಿಜ್ಞಾನ ಮೊದಲನೆಯದಕ್ಕೆ ಉತ್ತರ ಹುಡುಕುತ್ತದೆ. ಮನಸ್ಸು ಯಾವಾಗಲೂ ಎರಡನೆಯದನ್ನೇ ಕೇಳುತ್ತದೆ. ಮನಸ್ಸಿನ ಬಗ್ಗೆ ಓದುವವರು ಇದಕ್ಕೆ ಒಂದು ಕಾರಣ ಹೇಳುತ್ತಾರೆ. ಹುಲ್ಲು ಸರಸರ ಅಂದಾಗ ‘ಗಾಳಿ ಇರಬಹುದು’ ಎಂದು ಕೂತವರಿಗಿಂತ ‘ಯಾವುದೋ ಹಾವು’ ಎಂದು ಹಾರಿದವರು ಜಾಸ್ತಿ ಬದುಕಿದರು. ನಾವು ಅವರ ಮಕ್ಕಳು. ಏನೇ ಆದರೂ ಅದರ ಹಿಂದೆ ಯಾರೋ ಇದ್ದಾರೆ ಅನ್ನಿಸುತ್ತದೆ. ಯಾರೂ ಸಿಗದಿದ್ದರೆ ನಾವೇ ಸಿಗುತ್ತೇವೆ.

ವಿಜ್ಞಾನ ಎರಡನೇ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಸರಿ. ಆದರೆ ಮೊದಲನೆಯದಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟಾಗ ಎರಡನೆಯದರ ಭಾರ ಎಷ್ಟೋ ಇಳಿಯುತ್ತದೆ. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿ ಕಲಿಯಲಿಲ್ಲ. ಆ ಸಂಕ್ರಾಂತಿಯ ಮಧ್ಯಾಹ್ನ ಕಲಿತೆ.

ನಾನು ಅವಳಿಗೆ ಕೇಳಿದೆ: ‘ಅವತ್ತು ನಳದ ಮುಂದೆ ಇನ್ನೂ ಯಾರಾದರೂ ಬಸುರಿಯರು ಇದ್ರೇನು?’ ಸ್ವಲ್ಪ ಹೊತ್ತು ನೆನಪಿಸಿಕೊಂಡಳು. ಇಬ್ಬರಿದ್ದರು. ಅವರ ಮಕ್ಕಳು? ‘ಛಲೋ ಇದ್ದಾರ. ಇಬ್ಬರೂ ಸಾಲಿಗಿ ಹೋಗ್ತಾರ.’ ಹಿಟ್ಟಿನ ಡಬ್ಬಿಯ ಪಕ್ಕ ಜೋಳದ ಮೊರ ಇತ್ತು. ಎರಡು ಕಾಳು ತೆಗೆದು ಒಂದು ಕಡೆ ಇಟ್ಟೆ. ಅವಳದೊಂದು ಕಾಳು ಸ್ವಲ್ಪ ದೂರ ಇಟ್ಟೆ. ಆಮೇಲೆ ಕೇಳಿದೆ: ‘ಅವತ್ತು ಬಾಗಲಾ ಹಾಕ್ಕೊಂಡು ಒಳಗೇ ಕುಂತವರು?’ ಈಗ ಅವಳು ರೊಟ್ಟಿ ಬಿಟ್ಟು ತಿರುಗಿದಳು. ಮೇಲಿನ ಓಣಿಯ ಒಬ್ಬ ಹೆಣ್ಣುಮಗಳು ಕತ್ತಲೆ ಕೋಣೆಯಲ್ಲಿ ಅಲ್ಲಾಡದೆ ಮಲಗಿದ್ದಳು. ಅವಳ ಮಗುವಿಗೆ ತುಟಿ ಸೀಳಿತ್ತು. ಆಪರೇಷನ್ ಮಾಡಿಸಿದ್ದರು. ತಂಗಿ ತಾನೇ ಒಂದು ಕಾಳು ತೆಗೆದು ಇಟ್ಟಳು. ಆ ಕಾಳುಗಳನ್ನು ಬಹಳ ಹೊತ್ತು ನೋಡುತ್ತಾ ಕೂತಳು.

ನಾಲ್ಕು ಕಾಳಿನಿಂದ ಏನೂ ಸಿದ್ಧ ಆಗುವುದಿಲ್ಲ. ಮೇಷ್ಟ್ರಾಗಿ ಇದನ್ನು ಹೇಳಲೇಬೇಕು. ಸಿದ್ಧ ಮಾಡಲು ಸಾವಿರಾರು ಕಾಳು ಬೇಕು. ಆದರೆ ಕೇಳುವ ರೀತಿ ಇದೇ. ಹೊರಗೆ ಹೋದವರಲ್ಲಿ ಎಷ್ಟು ಮಕ್ಕಳಿಗೆ ತೊಂದರೆ, ಎಷ್ಟು ಮಕ್ಕಳು ಛಲೋ? ಹೋಗದವರಲ್ಲಿ ಎಷ್ಟು ಮಕ್ಕಳಿಗೆ ತೊಂದರೆ, ಎಷ್ಟು ಮಕ್ಕಳು ಛಲೋ? ದೊಡ್ಡ ದೊಡ್ಡ ಆಸ್ಪತ್ರೆಗಳು ಹೊಸ ಔಷಧಿಯನ್ನು ಪರೀಕ್ಷೆ ಮಾಡುವುದೂ ಈ ನಾಲ್ಕು ಮೂಲೆಯ ಲೆಕ್ಕದಿಂದಲೇ.

ಹಾಗಾದರೆ ಮಗುವಿಗೆ ಆದದ್ದೇನು? ಹೆರಿಗೆ ನೋವು ಬಹಳ ಹೊತ್ತು ಎಳೆದಿತ್ತು. ಹುಟ್ಟಿದ ಮಗು ಕೂಡಲೇ ಅಳಲಿಲ್ಲ, ಮೈ ನೀಲಿಯಾಗಿತ್ತು. ಮಿದುಳಿಗೆ ಆಮ್ಲಜನಕ ಸಾಲದೆ ಹೋದಾಗ ಸೆರೆಬ್ರಲ್ ಪಾಲ್ಸಿ ಬರಬಹುದು. ದಿನ ತುಂಬದೆ ಹುಟ್ಟಿದರೆ, ಕಾಮಾಲೆ ತೀರಾ ಜಾಸ್ತಿಯಾದರೂ ಬರಬಹುದು. ಮಿದುಳಿಗೆ ಆದ ಪೆಟ್ಟು ಆಮೇಲೆ ಬೆಳೆಯುವುದಿಲ್ಲ. ಆದರೆ ವ್ಯಾಯಾಮ ಮಾಡಿಸದಿದ್ದರೆ ಸ್ನಾಯು ಬಿಗಿಯುತ್ತಾ ಹೋಗುತ್ತದೆ. ಇಷ್ಟನ್ನು ಯಾರಾದರೂ ಅವಳಿಗೆ ಕನ್ನಡದಲ್ಲಿ, ಕೂತು, ಹತ್ತು ನಿಮಿಷ ಹೇಳಬೇಕಿತ್ತು. ಮಗುವಿಗೆ ಎರಡು ವರ್ಷ ಇದ್ದಾಗ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿನ ವೈದ್ಯರು ಫೈಲಿನಿಂದ ತಲೆ ಎತ್ತಲಿಲ್ಲ. ಇಂಗ್ಲಿಷಿನಲ್ಲಿ ಎರಡು ಶಬ್ದ ಬರೆದರು. ‘ಇದು ವಾಸಿ ಆಗಲ್ಲ’ ಎಂದರು. ಅದೂ ನಿಜವೇ. ನನ್ನ ಫೋನಿನ ಮಾತಿನ ಹಾಗೆ, ಅದರಲ್ಲೂ ಒಂದಕ್ಷರ ತಪ್ಪಿರಲಿಲ್ಲ. ಕುಣಿ ತೋಡಿದ ನೆರೆಯವರು ತಪ್ಪು ದಾರಿ ತೋರಿಸಿದರು. ಆದರೆ ಏಳು ವರ್ಷದಲ್ಲಿ ‘ಬಾ, ಹೀಗೆ ಮಾಡೋಣ’ ಎಂದು ಅವಳನ್ನು ಕರೆದವರು ಅವರೊಬ್ಬರೇ.

ಕಾರಣ ಗೊತ್ತಾದ ಮೇಲೂ ತಪ್ಪು ಹೊರಿಸುವುದು ನಿಲ್ಲಲು ಎಷ್ಟು ಕಾಲ ಬೇಕು ಗೊತ್ತಾ? ಕುಷ್ಠವನ್ನು ನೋಡಿ. ನಮ್ಮ ಹಿರಿಯರು ಅದರ ಹೆಸರು ಹೇಳುತ್ತಿರಲಿಲ್ಲ, ‘ದೊಡ್ಡ ರೋಗ’ ಎನ್ನುತ್ತಿದ್ದರು. ಹಿಂದಿನ ಜನ್ಮದ ಪಾಪ ಎನ್ನುತ್ತಿದ್ದರು. ಯುರೋಪಿನಲ್ಲೂ ಪಾಪದ ಮಾತು ಇತ್ತು, ವಂಶದ ದೋಷ ಎಂಬ ಮಾತೂ ಇತ್ತು. 1873ರಲ್ಲಿ ನಾರ್ವೆಯ ಬರ್ಗನ್ ಊರಿನ ವೈದ್ಯ ಗೆರ್ಹಾರ್ಡ್ ಹ್ಯಾನ್ಸನ್ ರೋಗಿಗಳ ಗಂಟಿನಿಂದ ತೆಗೆದ ರಸದಲ್ಲಿ ಕಡ್ಡಿಯಂಥ ಸೂಕ್ಷ್ಮ ಜೀವಿಗಳನ್ನು ಕಂಡ. ಇದು ವಂಶದಿಂದ ಬರುತ್ತದೆ ಎಂದು ಗಟ್ಟಿಯಾಗಿ ಹೇಳುತ್ತಿದ್ದ ದೊಡ್ಡ ವೈದ್ಯ ಡ್ಯಾನಿಯಲ್ಸನ್ ಅವನ ಮಾವನೇ ಆಗಿದ್ದ. ಅಳಿಯ ಮಾವನ ಮಾತು ಒಪ್ಪಲಿಲ್ಲ. ಪಾಪವೂ ಅಲ್ಲ, ರಕ್ತದ ದೋಷವೂ ಅಲ್ಲ, ಒಂದು ರೋಗಾಣು.

ಇಷ್ಟು ಗೊತ್ತಾದ ಮೇಲೂ ನಮ್ಮ ದೇಶದಲ್ಲಿ ಗಂಡನಿಗೋ ಹೆಂಡತಿಗೋ ಕುಷ್ಠ ಇದೆ ಎಂಬ ಕಾರಣಕ್ಕೆ ವಿಚ್ಛೇದನ ಕೊಡಲು ಕಾನೂನು ಅವಕಾಶ ಕೊಡುತ್ತಿತ್ತು. ಅದನ್ನು ತೆಗೆದದ್ದು 2019ರಲ್ಲಿ. ಲೆಕ್ಕ ಹಾಕಿ, 146 ವರ್ಷ. ಅದಕ್ಕೂ ಎಷ್ಟೋ ಮೊದಲೇ, 1980ರ ದಶಕದಲ್ಲೇ, ಕೆಲವು ತಿಂಗಳ ಮಾತ್ರೆಯಿಂದ ರೋಗ ವಾಸಿ ಮಾಡುವ ಚಿಕಿತ್ಸೆ ಬಂದಿತ್ತು. ರೋಗಾಣುವಿಗೆ ಮಾತ್ರೆ ಸಿಕ್ಕಿತು. ನಾಚಿಕೆಗೆ, ಅಸಹ್ಯಕ್ಕೆ ಮಾತ್ರೆ ಇರಲಿಲ್ಲ.

ಹ್ಯಾನ್ಸನ್ ಕತೆಯನ್ನು ಇಲ್ಲಿಗೆ ನಿಲ್ಲಿಸಿದರೆ ಅವನು ದೇವರಂಥ ಮನುಷ್ಯ ಆಗುತ್ತಾನೆ. ನಿಲ್ಲಿಸುವ ಹಾಗಿಲ್ಲ. ರೋಗ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ ಎಂದು ಅವನು ತೋರಿಸಬೇಕಿತ್ತು. 1879ರಲ್ಲಿ, ಆಗಲೇ ಕುಷ್ಠ ಇದ್ದ ಒಬ್ಬ ಹೆಣ್ಣುಮಗಳ ಕಣ್ಣಿಗೆ, ಬೇರೆ ಥರದ ಕುಷ್ಠ ಇದ್ದ ರೋಗಿಯಿಂದ ತೆಗೆದದ್ದನ್ನು ಸೂಜಿಯಿಂದ ಹಚ್ಚಿದ. ಅವಳನ್ನು ಕೇಳಲಿಲ್ಲ. ಅವಳ ಒಳ್ಳೆಯದಕ್ಕೂ ಮಾಡಲಿಲ್ಲ. ವಿಷಯ ಕೋರ್ಟಿಗೆ ಹೋಯಿತು. 1880ರಲ್ಲಿ ಅವನು ಆಸ್ಪತ್ರೆಯ ಕೆಲಸ ಕಳೆದುಕೊಂಡ. ಅಷ್ಟು ಜನರ ಮೇಲಿನ ಕಳಂಕ ತೆಗೆದ ಅದೇ ಕೈ, ಒಬ್ಬ ಬಡವಿಯ ಕಣ್ಣನ್ನು ಪ್ರಯೋಗದ ವಸ್ತು ಅಂದುಕೊಂಡಿತು. ಅವಳನ್ನು ಕೇಳಬೇಕಿತ್ತು ಅನ್ನುವುದು ಯಾವ ಸೂಕ್ಷ್ಮದರ್ಶಕದಲ್ಲೂ ಕಾಣುವುದಿಲ್ಲ. ಅದು ಬೇರೆ ಕಡೆಯಿಂದ ಬರಬೇಕು. ಮನೆಯಿಂದ, ಊರಿನಿಂದ, ನಾವು ಬೆಳೆದ ರೀತಿಯಿಂದ, ಕಾನೂನಿನಿಂದ.

ಇಲ್ಲಿ ಕೂತಿರುವ ತಾಯಂದಿರಿಗೆ ಇನ್ನೊಂದು ಗೊತ್ತೇ ಇದೆ. ಹೆಣ್ಣು ಹುಟ್ಟಿದರೆ ಸೊಸೆಯನ್ನು ಅನ್ನುವುದು. ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯಾಣುವಿನಲ್ಲಿರುವ ವರ್ಣತಂತುವಿನಿಂದ ತೀರ್ಮಾನ ಆಗುತ್ತದೆ. ಈ ವರ್ಣತಂತುಗಳ ಗುಟ್ಟನ್ನು 1905ರಲ್ಲಿ ಹಿಟ್ಟಿನ ಹುಳುಗಳನ್ನು ಕೊಯ್ದು ನೋಡಿ ತೋರಿಸಿದವರಲ್ಲಿ ನೆಟ್ಟಿ ಸ್ಟೀವನ್ಸ್ ಎಂಬ ಹೆಂಗಸು ಮುಖ್ಯರು. ಹೆಣ್ಣುಮಕ್ಕಳ ಮೇಲಿನ ಅಷ್ಟು ಹಳೆಯ ಆರೋಪವನ್ನು ಒಬ್ಬ ಹೆಣ್ಣುಮಗಳೇ ಸುಳ್ಳು ಮಾಡಿದಳು ಎಂದು ನನಗೆ ಬಹಳ ಸಂತೋಷ. ಆದರೆ ನಾವು ಮಾಡಿದ್ದೇನು? ಅದೇ ವಿಜ್ಞಾನದ ಇನ್ನೊಂದು ಉಪಕರಣ, ಸ್ಕ್ಯಾನಿಂಗ್ ಮಷೀನು, ಕೈಗೆ ಸಿಕ್ಕಿತು. ಹೊಟ್ಟೆಯಲ್ಲಿರುವುದು ಹೆಣ್ಣಾ ಎಂದು ನೋಡಿ ತೆಗೆಸಲು ಹೊರಟೆವು. 1994ರಲ್ಲಿ ಅದನ್ನು ತಡೆಯಲು ಕಾನೂನೇ ಬೇಕಾಯಿತು.

ಕಾಲೇಜಿನ ಮಕ್ಕಳು ನನ್ನನ್ನು ಜಾಸ್ತಿ ಕೇಳುವುದು ಸೋದರಿಕೆ ಮದುವೆಯ ಬಗ್ಗೆ. ನಮ್ಮಲ್ಲಿ ಸೋದರಮಾವನಿಗೆ ಕೊಡುತ್ತಾರೆ, ಅತ್ತೆಯ ಮಗನಿಗೆ ಕೊಡುತ್ತಾರೆ. ‘ಸರ್, ವಿಜ್ಞಾನ ಏನು ಹೇಳುತ್ತೆ?’ ವಿಜ್ಞಾನ ಒಂದು ಅಂಕಿ ಹೇಳುತ್ತದೆ. ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್ ಊರಿನಲ್ಲಿ 11,000ಕ್ಕೂ ಹೆಚ್ಚು ಮಕ್ಕಳನ್ನು ನೋಡಿ 2013ರಲ್ಲಿ ಲೆಕ್ಕ ಕೊಟ್ಟರು. ಸಂಬಂಧ ಇಲ್ಲದ ತಂದೆ ತಾಯಿಯರಿಗೆ ಹುಟ್ಟಿದ 100 ಮಕ್ಕಳಲ್ಲಿ ಸುಮಾರು 3 ಮಕ್ಕಳಿಗೆ ಹುಟ್ಟಿನಿಂದ ಬಂದ ತೊಂದರೆ. ಅಣ್ಣ ತಂಗಿಯರ ಮಕ್ಕಳು ತಮ್ಮಲ್ಲೇ ಮದುವೆಯಾಗಿದ್ದರೆ ಸುಮಾರು 6. ಸೋದರಮಾವನ ಸಂಬಂಧ ಇನ್ನೂ ಹತ್ತಿರದ್ದು, ಹಾಗಾಗಿ ಇನ್ನೂ ಎಚ್ಚರ ಬೇಕು.

ಈ 6 ಅನ್ನುವ ಅಂಕಿಯನ್ನು ಎರಡು ಕಡೆಯಿಂದ ನೋಡಬಹುದು. ದುಪ್ಪಟ್ಟು ಎಂದು ಹೆದರಿಸಬಹುದು. 94 ಮಕ್ಕಳು ಚೆನ್ನಾಗೇ ಇದ್ದಾರಲ್ಲ ಎಂದು ಸಮಾಧಾನ ಮಾಡಬಹುದು. ಮದುವೆ ಆಗಬೇಕಾ ಬೇಡವಾ ಎಂಬ ಉತ್ತರ ಆ ಅಂಕಿಯೊಳಗೆ ಇಲ್ಲ. ‘ಮಗಳು ಕಣ್ಣೆದುರಿಗೇ ಇರ್ತಾಳ, ಕಂಡೋರ ಮನೀಗಿ ಹೋಗಿ ಅತ್ತರ ಯಾರು ಕೇಳೋರು’ ಎಂಬ ತಾಯಿಯ ಭಯ ಸುಳ್ಳಲ್ಲ. ಹೊಲ ಒಡೆಯಬಾರದು ಎಂಬ ಲೆಕ್ಕವೂ ಇದೆ, ಹುಡುಗಿಯನ್ನು ಕೇಳದೆ ಕೊಡುವುದೂ ಇದೆ. ಇವನ್ನೆಲ್ಲ ತೂಗುವವರು ನಾವು. ನನ್ನ ಅಭಿಪ್ರಾಯ ಕೇಳಿದರೆ, ಸೋದರಮಾವನ ಸಂಬಂಧ ಬೇಡ ಎನ್ನುತ್ತೇನೆ. ಆಗಲೇ ಮದುವೆ ಆಗಿದ್ದರೆ ಬಸುರಿಗೆ ಮೊದಲೇ ಡಾಕ್ಟರನ್ನು ಕಾಣಿ ಎನ್ನುತ್ತೇನೆ. ಆದರೆ ಅಂಥ ಮನೆಯಲ್ಲಿ ಒಂದು ಮಗುವಿಗೆ ತೊಂದರೆಯಾದರೆ ‘ನೀವೇ ಮಾಡಿಕೊಂಡಿರಿ’ ಎಂದು ಅನ್ನಲು ಆ ಅಂಕಿಯನ್ನು ಯಾರೂ ಬಳಸಬಾರದು. ಹಾಗೆ ಬಳಸಿದರೆ ಗ್ರಹಣದ ಮಾತಿಗೂ ಅದಕ್ಕೂ ವ್ಯತ್ಯಾಸ ಇಲ್ಲ. ಪಾಪದ ಜಾಗದಲ್ಲಿ ವಂಶವಾಹಿ ಎಂಬ ಹೊಸ ಶಬ್ದ ಕೂತಿದೆ, ಅಷ್ಟೇ.

ಪರೀಕ್ಷೆ ಮಾಡಿ ನೋಡುವುದು ಹೊರಗಿನಿಂದ ಬಂದ ಗುಣ, ನಮ್ಮ ಸಂಸ್ಕೃತಿಗೆ ಹೊಂದುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಅವರನ್ನು ಬೀದರಿಗೆ ಕರೆದುಕೊಂಡು ಹೋಗಬೇಕು. ಬಿದರಿ ಕೆಲಸ ಮಾಡುವ ಒಬ್ಬ ಹಿರಿಯರ ಪಕ್ಕ ನಾನು ಒಂದು ಮಧ್ಯಾಹ್ನ ಕೂತಿದ್ದೆ. ಸತು ಮತ್ತು ತಾಮ್ರ ಕೂಡಿಸಿ ಎರಕ ಹೊಯ್ಯುತ್ತಾರೆ. ಸತು 16 ಪಾಲಾದರೆ ತಾಮ್ರ 1 ಪಾಲು ಎಂಬುದು ರೂಢಿಯ ಲೆಕ್ಕ. ಮೇಲೆ ಮೈಲುತುತ್ತದ ನೀರು ಸವರಿ, ಚಾಣದಿಂದ ಬಳ್ಳಿ, ಹೂವು ಕೊರೆಯುತ್ತಾರೆ. ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿ ಇಟ್ಟು ಬಡಿಯುತ್ತಾರೆ. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಕೂಡಿಸಿ, ಬಿಸಿ ಮಾಡಿದ ಪಾತ್ರೆಗೆ ಸವರುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಬಿಳಿ ಉಳಿಯುತ್ತದೆ.

ಎಲ್ಲ ಮಣ್ಣಿಗೂ ಆ ಗುಣ ಇಲ್ಲ. ಹಳೆಯ ಕೋಟೆಯಲ್ಲಿ ಬಿಸಿಲು ಮಳೆ ಬೀಳದ ಜಾಗದ ಮಣ್ಣು ಬೇಕು. ಆ ಹಿರಿಯರು ಒಂದು ಡಬ್ಬಿಯಿಂದ ಚಿಟಿಕೆ ಮಣ್ಣು ತೆಗೆದು ನಾಲಿಗೆಯ ಮೇಲೆ ಇಟ್ಟುಕೊಂಡರು. ಕಣ್ಣು ಮುಚ್ಚಿದರು. ಉಗುಳಿದರು. ‘ಇದು ನಡೀತದ’ ಎಂದರು. ಇನ್ನೊಂದು ಪುಡಿಕೆಯದನ್ನು ನಾಲಿಗೆಗೆ ಇಟ್ಟು ತಲೆ ಅಲ್ಲಾಡಿಸಿದರು. ‘ಸಪ್ಪ. ಹೊರಗ ಬಿದ್ದಿದ್ದು.’ ಅದನ್ನು ಕೊಟ್ಟವರು ಅವರ ಅಳಿಯನೇ. ಅಳಿಯ ಎಂದು ಅವರು ಬಿಡಲಿಲ್ಲ. ನನಗೆ ಬರ್ಗನ್ನಿನ ಆ ಮಾವ ಅಳಿಯ ನೆನಪಾದರು.

ನಾವು ಪರೀಕ್ಷೆ ಮಾಡದ ಜನ ಅಲ್ಲ. ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತೇವೆ. ಗಡಿಗೆ ಕೊಳ್ಳುವಾಗ ಬೆರಳಿನಿಂದ ಬಡಿದು ಸದ್ದು ಕೇಳುತ್ತೇವೆ. ತೊಗರಿ ಮಾರುವಾಗ ಕಾಳು ಹಲ್ಲಿನಲ್ಲಿ ಕಚ್ಚಿ ಹಸಿ ನೋಡುತ್ತೇವೆ. ಗ್ರಹಣ ಹಿಡಿಯುವ ಹೊತ್ತನ್ನು ನಿಮಿಷದ ಲೆಕ್ಕದಲ್ಲಿ ಹೇಳುವ ಪಂಚಾಂಗ ನಮ್ಮ ಗೋಡೆಯ ಮೇಲೇ ಇದೆ. ಅದು ಎಷ್ಟೋ ತಲೆಮಾರಿನವರು ಆಕಾಶ ನೋಡಿ, ತಪ್ಪಿದ್ದನ್ನು ತಿದ್ದಿ ಕಟ್ಟಿದ ಲೆಕ್ಕ. ಇದೇ ಕಲಬುರಗಿಯಿಂದ ಆಳಿದ ಫಿರೋಜ್ ಶಾ ಬಹಮನಿ 1407ರಲ್ಲಿ ದೌಲತಾಬಾದಿನ ಹತ್ತಿರ ನಕ್ಷತ್ರ ನೋಡುವ ಕಟ್ಟಡ ಶುರು ಮಾಡಿಸಿದ್ದ. ಅದನ್ನು ನೋಡಿಕೊಳ್ಳುತ್ತಿದ್ದ ವಿದ್ವಾಂಸ ತೀರಿಕೊಂಡ, ಕೆಲಸ ಅರ್ಧಕ್ಕೆ ನಿಂತಿತು. ಎತ್ತಿಗೆ, ಗಡಿಗೆಗೆ, ಆಕಾಶಕ್ಕೆ ಇಷ್ಟು ಪರೀಕ್ಷೆ. ‘ಗ್ರಹಣದಾಗ ಹೊರಗ ಹೋಗಿದ್ದಿ’ ಎಂಬ ಮಾತನ್ನು ಮಾತ್ರ ಯಾರೂ ಬಡಿದು ನೋಡಲಿಲ್ಲ. ಒಬ್ಬ ಹೆಣ್ಣುಮಗಳ ಹತ್ತು ವರ್ಷ ಆ ಮಾತಿನ ಕೆಳಗೆ ಹೋಯಿತು.

ಸಂವಿಧಾನದ 51ಎ ವಿಧಿಯಲ್ಲಿ ನಮ್ಮ ಕರ್ತವ್ಯಗಳ ಪಟ್ಟಿ ಇದೆ, 1976ರಲ್ಲಿ ಸೇರಿಸಿದ್ದು. ಪರೀಕ್ಷೆಗೆ ಓದುವ ಮಕ್ಕಳು ಅದರಲ್ಲಿ ‘ವೈಜ್ಞಾನಿಕ ಮನೋಭಾವ’ ಎಂಬುದನ್ನು ಮಾತ್ರ ನೆನಪಿಡುತ್ತಾರೆ. ಪೂರ್ತಿ ಓದಿ. ಅದೇ ಸಾಲಿನಲ್ಲಿ, ಅದರ ಪಕ್ಕದಲ್ಲೇ, ಮಾನವೀಯತೆ ಎಂಬ ಶಬ್ದ ಇದೆ. ಬರೆದವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾರೆ.

ಇನ್ನು ಮನಸ್ಸಿನ ಕಾಯಿಲೆಯ ಮಾತು. ನಮ್ಮ ಗಾಣಗಾಪುರಕ್ಕೆ ಹೋದವರಿಗೆ ಗೊತ್ತು. ‘ಗಾಳಿ ಹಿಡಿದಿದೆ’ ಎಂದು ಮೂರು ನಾಲ್ಕು ರಾಜ್ಯಗಳಿಂದ ಜನ ತಮ್ಮವರನ್ನು ಕರೆದುಕೊಂಡು ಬರುತ್ತಾರೆ. ದರ್ಗಾಗಳಿಗೂ ಬರುತ್ತಾರೆ. ಓದಿದವರು ಅದನ್ನು ನೋಡಿ ಮುಖ ತಿರುಗಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸಿನ ವೈದ್ಯರು ಮತ್ತು ಅವರ ಜೊತೆಗಾರರು ಮುಖ ತಿರುಗಿಸಲಿಲ್ಲ. ತಮಿಳುನಾಡಿನ ಒಂದು ಹಳ್ಳಿಯ ಮುತ್ತುಸ್ವಾಮಿ ಗುಡಿಗೆ ಇಂಥ ಜನ ಬಂದು ಉಳಿಯುತ್ತಿದ್ದರು. ಅಲ್ಲಿಗೆ ಹೋಗಿ 31 ಜನರನ್ನು ಬಂದ ದಿನ ಒಮ್ಮೆ, ಹೊರಡುವಾಗ ಒಮ್ಮೆ ಅಳೆದು ನೋಡಿದರು. ಸರಾಸರಿ ಆರು ವಾರ ಉಳಿದಿದ್ದರು. ಔಷಧಿ ಇಲ್ಲ, ಮಂತ್ರ ತಂತ್ರವೂ ಇಲ್ಲ. ಗುಡಿಯ ಕೆಲಸದಲ್ಲಿ ಕೈ ಹಾಕುತ್ತಿದ್ದರು, ಮನೆಯವರು ಜೊತೆಗಿರುತ್ತಿದ್ದರು. ಕಾಯಿಲೆಯ ಲಕ್ಷಣಗಳ ಅಂಕ ಹತ್ತಿರ ಹತ್ತಿರ ಶೇಕಡ 20 ಇಳಿದಿತ್ತು. 2002ರಲ್ಲಿ ಇದು ಪ್ರಕಟವಾಯಿತು. ಹೆದರಿಸದ ಜಾಗ, ಬೈಯದ ಜನ ಇದ್ದರೆ ಮನಸ್ಸು ಸ್ವಲ್ಪ ಚೇತರಿಸಿಕೊಳ್ಳುತ್ತದೆ ಎಂದು ಅವರು ತಿಳಿದುಕೊಂಡರು.

ಇದನ್ನು ಕೇಳಿ ‘ಹಾಗಾದರೆ ಗುಡಿಯೇ ಸಾಕು’ ಎನ್ನಬೇಡಿ. ಅದೇ ತಮಿಳುನಾಡಿನ ಎರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿತ್ತು. ದರ್ಗಾದ ಸುತ್ತಲಿನ ಗುಡಿಸಲುಗಳಲ್ಲಿ ಮನಸ್ಸಿನ ಕಾಯಿಲೆಯವರನ್ನು ಸರಪಳಿ ಹಾಕಿ ಇಟ್ಟಿದ್ದರು. 28 ಜನ ಸತ್ತರು. ಓಡಲು ಆಗಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನು ಪೂರ್ತಿ ನಿಷೇಧಿಸಿದೆ. ಗುಡಿಯಲ್ಲಿ ಏನು ಒಳ್ಳೆಯದಾಯಿತು ಎಂದು ಹೇಳಿದ್ದು ಅಳತೆ. ಎಲ್ಲಿ ಜೀವ ಹೋಯಿತು ಎಂದೂ ಕಣ್ಣು ಬಿಟ್ಟು ನೋಡಬೇಕು. ನಮ್ಮ ದಖ್ಖನಿ ಮಾತಿನಲ್ಲಿ ದವಾನೂ ಬೇಕು, ದುವಾನೂ ಬೇಕು, ಅಂದರೆ ಔಷಧಿಯೂ ಬೇಕು ಪ್ರಾರ್ಥನೆಯೂ ಬೇಕು ಎನ್ನುತ್ತಾರಲ್ಲ, ನನಗೆ ಅದು ಸರಿ ಕಾಣುತ್ತದೆ. ಹರಕೆ ಇದ್ದರೆ ತೀರಿಸಿ, ಮಾತ್ರೆ ಬಿಡಬೇಡಿ. ಮನೆಯಲ್ಲಿ ಯಾರಿಗಾದರೂ ಮನಸ್ಸಿನ ಕಷ್ಟ ಇದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂದು ಸರ್ಕಾರದ ಸೇವೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಈಗಲೇ ಬರೆದುಕೊಳ್ಳಿ, ನಾನು ಕಾಯುತ್ತೇನೆ.

ತಂಗಿಯ ಮನೆಗೆ ವಾಪಸು ಬರುತ್ತೇನೆ. ಆ ಸಂಕ್ರಾಂತಿಯ ಮುಂದಿನ ವಾರ ಒಬ್ಬ ಫಿಜಿಯೋಥೆರಪಿ ಹುಡುಗಿಯನ್ನು ಹುಡುಕಿ ಕರೆದುಕೊಂಡು ಹೋದೆ. ಅವಳು ಕುರ್ಚಿ ಬೇಡ ಎಂದಳು. ನೆಲದ ಮೇಲೆ, ಹುಡುಗನ ಪಕ್ಕ ಕೂತಳು. ಮೊದಲು ಅವನಿಗೇ ಕೇಳಿದಳು, ‘ಕಾಲು ಹಿಡೀಲಾ?’ ಅವನು ‘ಹೂಂ’ ಅಂದ ಮೇಲೆಯೇ ಮುಟ್ಟಿದಳು. ಹಿಮ್ಮಡಿ ಹೇಗೆ ಹಿಡಿಯಬೇಕು, ಎಷ್ಟು ಎಣಿಸುವವರೆಗೆ ಎಳೆದು ಹಿಡಿಯಬೇಕು ಎಂದು ತಂಗಿಯ ಕೈ ಹಿಡಿದು ತೋರಿಸಿದಳು. ‘ಇದರಿಂದ ಓಡುತ್ತಾನೆ ಅಂತ ನಾ ಹೇಳಲ್ಲಕ್ಕಾ. ನೋವು ಕಡಿಮೆ ಆಗ್ತದ. ಕೂರೋದು ಸಲೀಸಾಗ್ತದ’ ಎಂದಳು. ಕಾಲು ಬರ್ತಾವ ಎಂದವರಿಗಿಂತ ಬಹಳ ಕಡಿಮೆ ಕೊಟ್ಟಳು. ತಂಗಿ ಅದನ್ನು ಎರಡೂ ಕೈಯಿಂದ ತಗೊಂಡಳು. ಈಗಲೂ ದಿನಾ ಎರಡು ಹೊತ್ತು ಮಾಡಿಸುತ್ತಾಳೆ.

2020ರ ಜೂನ್ 21ಕ್ಕೆ ಮತ್ತೆ ಸೂರ್ಯಗ್ರಹಣ ಬಂತು. ಭಾನುವಾರ. ಕುರುಕ್ಷೇತ್ರ, ಡೆಹ್ರಾಡೂನ್ ಕಡೆ ಬಳೆ, ನಮಗೆ ತುಂಡು. ಬೆಳಿಗ್ಗೆಯೇ ಅವಳ ಮನೆಗೆ ಹೋದೆ. ಮೋಡ ಬಂದು ಬಂದು ಹೋಗುತ್ತಿತ್ತು. ಹಿಟ್ಟಿನ ಜರಡಿ ಕೇಳಿದೆ. ಹುಡುಗನನ್ನು ಅಂಗಳದಲ್ಲಿ ಸೂರ್ಯನಿಗೆ ಬೆನ್ನು ಮಾಡಿ ಕೂರಿಸಿ, ಅವನ ತೊಡೆಯ ಮೇಲೆ ಬಿಳಿ ಪಂಚೆ ಹಾಸಿ, ಜರಡಿ ಮೇಲೆ ಹಿಡಿದೆ. ಬಿಸಿಲು ಬಂದ ಕೂಡಲೇ ಪಂಚೆಯ ತುಂಬ ಸಣ್ಣ ಸಣ್ಣ ಚಂದ್ರರು. ಜರಡಿಯ ಒಂದೊಂದು ತೂತಿಗೂ ಒಂದೊಂದು ಕಚ್ಚಿದ ಸೂರ್ಯ. ಹುಡುಗ ಕೈ ಎತ್ತಿ ಮುಟ್ಟಲು ನೋಡಿದ. ಕೈ ಬೇರೆ ಕಡೆ ಹೋಯಿತು. ಆದರೂ ಅಂಗೈ ಮೇಲೆ ನಾಲ್ಕು ಬಿದ್ದವು.

ಅವನ ಅಜ್ಜಿ ಹೊರಗೆ ಬರಲಿಲ್ಲ. ಅವರ ವ್ರತ, ನಾನೂ ಕರೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲ ಒಳಗಿಂದ ಅವರ ದನಿ ಬಂತು: ‘ಇನ್ನಾ ಎಷ್ಟು ಉಳದದ?’ ಹುಡುಗ ಪಂಚೆ ನೋಡಿ, ನಿಧಾನಕ್ಕೆ, ಒಂದೊಂದೇ ಅಕ್ಷರ ಕೂಡಿಸಿ ಹೇಳಿದ: ‘ಅರ್ಧ.’

ಈಗ ನಾವು ಕಾಯುತ್ತಿರುವ ಗ್ರಹಣ 2027ರ ಆಗಸ್ಟ್ 2, ಸೋಮವಾರ, ನಾಗರ ಅಮಾವಾಸಿ. ಸಂಜೆ ಹೊತ್ತಿಗೆ ನಮ್ಮಲ್ಲೂ ಒಂದು ತುಂಡು ಕಾಣಬೇಕು. ಮಳೆಗಾಲ, ಮೋಡ ಬಿಟ್ಟರೆ. ಹುಡುಗ ಆಗಲೇ ಕ್ಯಾಲೆಂಡರಿನಲ್ಲಿ ಎಣಿಸುತ್ತಿದ್ದಾನೆ. ಗ್ರಹಣ ನೋಡಲೆಂದೇ ಮಾಡಿದ ಕನ್ನಡಕ ಇಲ್ಲದೆ ನೇರವಾಗಿ ಸೂರ್ಯನನ್ನು ನೋಡಬೇಡಿ. ಮನೆಯಿಂದ ಒಂದು ಜರಡಿ ತನ್ನಿ. ಬೇವಿನ ಮರದ ಕೆಳಗೆ ನಿಂತರೂ ಆದೀತು, ಎಲೆಗಳ ಸಂದಿಯಿಂದ ನೆಲದ ತುಂಬ ಬೀಳುತ್ತವೆ.